ಮುಳುಗಿದವರೆಲ್ಲ ಮೇಲೇಳುವುದಿಲ್ಲ

ಸೆಪ್ಟೆಂಬರ್ 9, ಮಂಗಳವಾರ

ಲಾಂಚ್ ಮುಳುಗಿದ್ದು ಭಾನುವಾರ ಸಂಜೆ. ನಡುವಿನ ಸೋಮವಾರ ಎಲ್ಲಿ ಹೋಯಿತೋ ಗೊತ್ತಿಲ್ಲ. ನೆನಪು ಮಾಡಿಕೊಂಡರೆ ಲಾಂಚ್ ನಿಲ್ಲುವ ಧಕ್ಕೆಯ ಒದ್ದೆ ಹಲಗೆ, ಯಾರೋ ಕೈಗಿಟ್ಟ ಆರಿಹೋದ ಟೀ, ಅಷ್ಟೇ ಬರುತ್ತದೆ. ಯಾರ ಹತ್ತಿರವೂ ಮಾತಾಡಲು ಆಗುತ್ತಿಲ್ಲ. ಇಲ್ಲಿ ಬರೆಯುತ್ತೇನೆ. ಈ ಪುಟಗಳಾದರೂ ನನಗೆ ಧೈರ್ಯ ಹೇಳಲು ಬರುವುದಿಲ್ಲ.

ನಡೆದದ್ದು ಇಷ್ಟು. ಜಲಾಶಯದ ಆಚೆ ದಡದಿಂದ ಹೊರಟ ಲಾಂಚ್ ನಮ್ಮ ಕಡೆಯ ಕೊಲ್ಲಿಯೊಳಗೆ ಬರುತ್ತಿದ್ದಾಗ ತಳದಲ್ಲಿ ನೀರು ನುಗ್ಗಿ ಒಂದು ಮಗ್ಗುಲಿಗೆ ವಾಲಿತು. ಮೇಲಿದ್ದವರು ಅಲ್ಲೇ ನೀರಿಗೆ ಬಿದ್ದರು, ಇಲ್ಲವೇ ಹಾರಿದರು. ಮೀನಿನ ದೋಣಿಯವರು ಸಿಕ್ಕಷ್ಟು ಜನರನ್ನು ಎಳೆದುಕೊಂಡರು. ಜನ ಖಾಲಿಯಾದ ಲಾಂಚ್ ಗಾಳಿಗೆ ಇನ್ನಷ್ಟು ದೂರ ತೇಲಿ, ಅಣೆಕಟ್ಟು ಬರುವ ಮುಂಚೆ ಹೊಳೆ ಹರಿಯುತ್ತಿದ್ದ ಆಳದ ಜಾಗದಲ್ಲಿ ಮುಳುಗಿತು. ಹನ್ನೊಂದು ಜನ ಸಿಕ್ಕಿಲ್ಲ. ಅವರಲ್ಲೊಬ್ಬ ಲಾಂಚಿನ ಚಾಲಕ. ಇನ್ನೊಬ್ಬ ಅದರ ಇಂಜಿನ್ ನೋಡಿಕೊಳ್ಳುತ್ತಿದ್ದ ನನ್ನ ಗಂಡ.

ಬೆಳಿಗ್ಗೆ ಇನ್ಸ್‌ಪೆಕ್ಟರ್ ಬಂದಿದ್ದರು. ಎತ್ತರ ಕೇಳಿದರು, ತೂಕ ಕೇಳಿದರು, ಏನು ಹಾಕಿಕೊಂಡಿದ್ದ ಎಂದು ಕೇಳಿದರು. ನೀಲಿ ಮೇಲಂಗಿ, ಕಬ್ಬಿಣದ ಮೂತಿಯ ಬೂಟು, ಸೊಂಟದಲ್ಲಿ ಸ್ಪ್ಯಾನರುಗಳ ಪಟ್ಟಿ ಎಂದೆ. ಹೇಳುತ್ತಿದ್ದ ಹಾಗೆಯೇ ಒಂದೊಂದನ್ನೂ ನೀರಿಗೆ ಹಾಕಿ ನೋಡುತ್ತಿದ್ದೆ. ಏಳನೇ ತರಗತಿಗೆ ವಿಜ್ಞಾನ ಕಲಿಸಿ ಕಲಿಸಿ ಅಂಟಿದ ರೋಗ ಇದು. ಬಟ್ಟೆ, ಮೊದಲು ತೇಲುತ್ತದೆ, ನೆನೆದ ಮೇಲೆ ಇಲ್ಲ. ಕಬ್ಬಿಣ, ಮುಳುಗುತ್ತದೆ. ಮನುಷ್ಯ?

"ಈಜು ಬರ್ತಿತ್ತಾ?" ಎಂದರು.

"ಚೆನ್ನಾಗಿ ಬರ್ತಿತ್ತು."

ಅದನ್ನು ಬರೆದುಕೊಂಡು ಕೆಳಗೆ ಒಂದು ಗೆರೆ ಎಳೆದರು. ಯಾಕೆಂದು ತಿಳಿಯಲಿಲ್ಲ.

ಅವನ ಅಮ್ಮ ನಿನ್ನೆಯಿಂದ ಧಕ್ಕೆಯ ಮೆಟ್ಟಿಲು ಬಿಟ್ಟು ಎದ್ದಿಲ್ಲ. ಆರು ತಿಂಗಳಿಂದ ನಮ್ಮ ಜೊತೆಗಿದ್ದಾರೆ. ಒಂದೇ ಸೂರಿನ ಕೆಳಗೆ ಇದ್ದೇವೆ, ಅಷ್ಟೆ. ನಮ್ಮ ಮದುವೆ ಅವರಿಗೆ ಬೇಕಿರಲಿಲ್ಲ. ನನ್ನನ್ನು "ಟೀಚರಮ್ಮ" ಎನ್ನುತ್ತಾರೆ, ಮರ್ಯಾದೆಗೆ ಅಲ್ಲ. ನಾನು ಅವರನ್ನು ಏನೆಂದೂ ಕರೆಯುವುದಿಲ್ಲ.


ಸೆಪ್ಟೆಂಬರ್ 11, ಗುರುವಾರ

ಏಳತೊಡಗಿದ್ದಾರೆ.

ಕೊಲ್ಲಿಯಲ್ಲಿ ಬೆಳಗಾಗುವಷ್ಟರಲ್ಲಿ ಮೂವರು ತೇಲಿದ್ದರು, ಮಧ್ಯಾಹ್ನಕ್ಕೆ ಇನ್ನಿಬ್ಬರು. ಚಾಲಕ ಸಿಕ್ಕಿದ. ನನ್ನ ತರಗತಿಯ ಎರಡನೇ ಬೆಂಚಿನ ಹುಡುಗಿಯ ಅಪ್ಪನೂ ಸಿಕ್ಕಿದರು. ದಡದ ಶೆಡ್ಡಿನಲ್ಲಿ ಸಾಲಾಗಿ ಮಲಗಿಸಿ ಮೇಲೆ ಬಿಳಿ ಬಟ್ಟೆ ಹೊದಿಸಿದ್ದಾರೆ. ನಾನು ಬಾಗಿಲವರೆಗೆ ಹೋದೆ. ಕಾಲುಗಳನ್ನು ನೋಡಿದೆ. ಯಾವ ಕಾಲಿನಲ್ಲೂ ಆ ಬೂಟು ಇರಲಿಲ್ಲ. ವಾಪಸು ಬಂದೆ.

ಅವನ ಅಮ್ಮ ಹಾಗಲ್ಲ. ಒಬ್ಬೊಬ್ಬರ ಹತ್ತಿರವೂ ಕೂತು, ಬಟ್ಟೆ ಸರಿಸಿ, ಮುಖವನ್ನು ದಿಟ್ಟಿಸಿ ನೋಡಿ, ಮತ್ತೆ ಹೊದಿಸಿ, "ನಮ್ಮವನಲ್ಲ" ಅನ್ನುತ್ತಿದ್ದರು. ಸತ್ತವರ ಮನೆಯವರು ಅಲ್ಲೇ ನಿಂತಿದ್ದಾರೆ. ಅವರೆದುರಿಗೇ ಈ ಹೆಂಗಸಿನ ದನಿಯಲ್ಲಿ ಖುಷಿ. ನನಗೆ ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.


ಸೆಪ್ಟೆಂಬರ್ 12, ಶುಕ್ರವಾರ

ಇನ್ನೂ ನಾಲ್ವರು. ಅವನಿಲ್ಲ.


ಸೆಪ್ಟೆಂಬರ್ 14, ಭಾನುವಾರ

ಹತ್ತನೆಯವರೂ ಸಿಕ್ಕರು. ಉಳಿದವನು ಅವನೊಬ್ಬ.

ಇನ್ಸ್‌ಪೆಕ್ಟರ್ ಮತ್ತೆ ಬಂದರು, ಜೊತೆಗೆ ಒಬ್ಬ ಪೇದೆ. ಈ ಸಲ ಕೂರಲಿಲ್ಲ. ಆಚೆ ದಡದಲ್ಲಿ ಕಿತ್ತಳೆ ಬಣ್ಣದ ತೇಲುವ ಜಾಕೆಟ್ ಒಂದು ಸಿಕ್ಕಿದೆಯಂತೆ. ಒಳಗಡೆ ಇಂಜಿನ್ ಕೋಣೆಯ ಗುರುತಿದೆ.

"ಮುಳುಗಿದವರೆಲ್ಲ ಎದ್ದಿದ್ದಾರೆ, ಮೇಡಂ. ನಿಮ್ಮವರೊಬ್ಬರನ್ನ ಬಿಟ್ಟು," ಎಂದರು. "ಈಜು ಬರುತ್ತೆ. ಜಾಕೆಟ್ ಆ ಕಡೆ ಸಿಕ್ಕಿದೆ. ತಳದಲ್ಲಿ ನೀರು ಬರ್ತಿರೋದು ಮೊದಲು ಗೊತ್ತಾಗೋದು ಅವರಿಗೇ. ಗೊತ್ತಾದ ಮೇಲೆ ಅವರು ಏನು ಮಾಡಿದ್ರು ಅನ್ನೋದೇ ಪ್ರಶ್ನೆ."

"ಜಾಕೆಟ್ ತೇಲಿದೆ ಅಂದ್ರೆ ಜಾಕೆಟ್ ತೇಲಿದೆ, ಅಷ್ಟೆ," ಎಂದೆ. "ಒಳಗೆ ಮನುಷ್ಯ ಇರಲಿಲ್ಲ ಅಂತ ಮಾತ್ರ ಅರ್ಥ."

"ಅದನ್ನೇ ನಾನೂ ಹೇಳ್ತಿರೋದು. ಫೋನ್ ಗೀನ್ ಬಂದ್ರೆ ತಿಳಿಸಿ."

ಅವರು ಗೇಟು ದಾಟುವುದನ್ನೇ ಕಾಯುತ್ತಿದ್ದ ಅವನ ಅಮ್ಮ ನನ್ನ ಎರಡೂ ಕೈ ಹಿಡಿದುಕೊಂಡರು. ಆರು ತಿಂಗಳಲ್ಲಿ ಮೊದಲ ಸಲ ನನ್ನನ್ನು ಮುಟ್ಟಿದ್ದು.

"ಕೇಳಿಸ್ತಾ ಟೀಚರಮ್ಮ? ಬದುಕಿದ್ದಾನೆ!"

"ಓಡಿಹೋದ ಅಂತಿದ್ದಾರೆ ಅವರು. ಜನರನ್ನ ಸಾಯೋಕೆ ಬಿಟ್ಟು ಓಡಿಹೋದ ಅಂತ!"

"ಓಡಬೇಕಾದ್ರೆ ಬದುಕಿರಬೇಕಲ್ಲ."

"ಹೇಡಿ ಅಂತ ಅನ್ನಿಸಿಕೊಂಡು?"

"ಅನ್ನಲಿ ಬಿಡು. ಅನ್ನಿಸಿಕೊಳ್ಳೋಕಾದ್ರೂ ಇರ್ತಾನಲ್ಲ."

ಕೈ ಕಿತ್ತುಕೊಂಡೆ. ಹತ್ತು ವರ್ಷ ಅವನ ಜೊತೆ ಬಾಳಿದ್ದೇನೆ. ಇಂಜಿನ್ ಸ್ವಲ್ಪ ಕೆಮ್ಮಿದರೂ ತಾನೇ ಕೆಮ್ಮಿದ ಹಾಗೆ ಆಡುತ್ತಿದ್ದ ಮನುಷ್ಯ. ಹೊತ್ತು ಹೆತ್ತವರಿಗೆ ಅಷ್ಟೂ ಗೊತ್ತಾಗಬಾರದೇ?


ಸೆಪ್ಟೆಂಬರ್ 15, ಸೋಮವಾರ

ಎದ್ದು ನೋಡಿದರೆ ಬೀದಿ ಕಡೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿದ್ದರು: ಓಡಿಹೋದವನ ಮನೆ.

ಬಕೆಟ್, ಬ್ರಷ್ಷು ತಂದೆ. ಅವನ ಅಮ್ಮ ನನ್ನ ಮತ್ತು ಗೋಡೆಯ ನಡುವೆ ಬಂದು ನಿಂತರು. "ಇರಲಿ ಬಿಡು," ಎಂದರು. "ಊರವರಿಗೆಲ್ಲ ಗೊತ್ತಾಗಿದೆ, ನಿನಗೊಬ್ಬಳಿಗೆ ಬೇಡವಾಗಿದೆ."

ನಗಬೇಕೋ ಅಳಬೇಕೋ ತಿಳಿಯದೆ ಬಕೆಟ್ಟಿನ ನೀರನ್ನು ಅಲ್ಲೇ ಚೆಲ್ಲಿ ಒಳಗೆ ಬಂದೆ. ಅಂಗಡಿಯವನು ಹಾಲಿನ ಪ್ಯಾಕೆಟ್ಟನ್ನು ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲೆ ಇಟ್ಟ. ಆ ಅಂಗಡಿಯವನ ತಂಗಿಯೂ ಅವತ್ತು ಲಾಂಚಿನಲ್ಲಿದ್ದಳು.


ಸೆಪ್ಟೆಂಬರ್ 16, ಮಂಗಳವಾರ

ಶಾಲೆಗೆ ಹೋದೆ. ಮನೆಯಲ್ಲಿ ಕೂತು ಗೋಡೆಯಾಚೆಯ ಬರಹವನ್ನು ಒಳಗಿನಿಂದಲೇ ಓದುವುದಕ್ಕಿಂತ ಅದೇ ವಾಸಿ.

ಹೆಡ್‌ಮಿಸ್ ಪಾಠದ ಪಟ್ಟಿ ನೋಡಿ ಕನ್ನಡಕ ತೆಗೆದರು. ಈ ವಾರ ಏಳನೇ ತರಗತಿಗೆ ಸಾಂದ್ರತೆಯ ಪಾಠ: ಯಾವ ವಸ್ತು ತೇಲುತ್ತದೆ, ಯಾವುದು ಮುಳುಗುತ್ತದೆ, ಮೊದಲೇ ಹೇಳುವುದು ಹೇಗೆ. "ಈ ವರ್ಷ ಅದನ್ನ ಬಿಟ್ಟುಬಿಡಿ, ಬೆಳಕಿನ ಪಾಠ ತಗೊಳ್ಳಿ," ಎಂದರು. ತಲೆಯಾಡಿಸಿದೆ. ತರಗತಿಗೆ ಹೋಗಿ ಬೋರ್ಡಿನ ಮೇಲೆ ಬೆಳಕು ಎಂದೇ ಬರೆದೆ. ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. ಅಪ್ಪನ ಹೆಣ ಸಿಕ್ಕ ಐದೇ ದಿನಕ್ಕೆ ಶಾಲೆಗೆ ಬಂದಿದ್ದಾಳೆ.

"ಮೇಡಂ, ಬದುಕಿರೋರು ಯಾಕೆ ಮುಳುಗ್ತಾರೆ, ಸತ್ತೋರು ಯಾಕೆ ತೇಲ್ತಾರೆ?"

ಮೊದಲ ಅರ್ಧಕ್ಕೆ ಉತ್ತರ ಕೊಟ್ಟೆ. ಬೆಳಕು ಒರೆಸಿದೆ. ಒಂದೇ ಅಳತೆಯ ಜಾಗದಲ್ಲಿ ಎಷ್ಟು ಭಾರ ತುಂಬಿದೆ ಅನ್ನುವುದೇ ಸಾಂದ್ರತೆ. ನೀರಿಗಿಂತ ಅದು ಕಡಿಮೆಯಿದ್ದರೆ ತೇಲು, ಹೆಚ್ಚಿದ್ದರೆ ಮುಳುಗು. ಮನುಷ್ಯ ಈ ಎರಡರ ನಡುವೆ ಕೂದಲೆಳೆಯ ಮೇಲೆ ನಿಂತಿದ್ದಾನೆ. ಎದೆ ತುಂಬ ಗಾಳಿಯಿದ್ದರೆ ನೀರಿಗಿಂತ ಒಂದು ಎಳೆ ಹಗುರ. ಹೆದರಿ ಕೂಗಿಕೊಂಡರೆ ಆ ಗಾಳಿ ಹೋಗುತ್ತದೆ, ಒಂದು ಎಳೆ ಭಾರವಾಗುತ್ತಾನೆ.

"ಅಷ್ಟೇನಾ ವ್ಯತ್ಯಾಸ?" ಎಂದಳು.

"ಅಷ್ಟೇ."

ಉಳಿದರ್ಧ ನಾಳೆ ಎಂದು ಹೇಳಿ ಹೊರಗೆ ಬಂದೆ. ಸ್ಟಾಫ್‌ರೂಮಿನಲ್ಲಿ ಕೂತಾಗ ಹೊಳೆಯಿತು. ಉಳಿದರ್ಧದಲ್ಲೇ ಇನ್ಸ್‌ಪೆಕ್ಟರರಿಗೆ ಉತ್ತರವಿದೆ. ಸತ್ತವರು ತೇಲುವುದು ಒಳಗೆ ಕೊಳೆತು ಗಾಳಿ ತುಂಬಿ ಉಬ್ಬುವುದರಿಂದ. ಅದಕ್ಕೆ ಬೆಚ್ಚಗಿನ ನೀರು ಬೇಕು. ಕೊಲ್ಲಿ ಆಳವಿಲ್ಲ, ಬಿಸಿಲಿಗೆ ಕಾದಿರುತ್ತದೆ, ಅಲ್ಲಿ ಬಿದ್ದವರು ಬೇಗ ಎದ್ದರು. ಲಾಂಚ್ ಬಿದ್ದಿರುವ ಹಳೇ ಹೊಳೆಯ ಗುಂಡಿಯಲ್ಲಿ ತಣ್ಣಗಿದ್ದರೆ, ಅದರೊಳಗೆ ಇರುವವನು ಏಳುವುದಿಲ್ಲ. ಮೇಲಿನ ನೀರಿನ ಭಾರವೂ ಅದುಮುತ್ತಿರುತ್ತದೆ.

ಮುಳುಗಿದವರೆಲ್ಲ ಏಳಬೇಕೆಂಬ ಕಾನೂನು ಇಲ್ಲ.


ಸೆಪ್ಟೆಂಬರ್ 17, ಬುಧವಾರ

ಬರೆಯಲೇಬೇಕು, ಬರೆಯಲು ಮನಸ್ಸಿಲ್ಲ.

ನಿನ್ನೆ ಶಾಲೆಯಿಂದ ಬಂದವಳು ಈಸ್ಟ್ ಹಾಕಿ ಸ್ವಲ್ಪ ಹಿಟ್ಟು ಕಲಸಿದೆ. ಲೆಕ್ಕ ತಲೆಯಲ್ಲಿ ಸರಿಯಿದ್ದರೆ ಸಾಲದು, ಕಣ್ಣಿಗೆ ಕಾಣಬೇಕು. ಎರಡು ಗಾಜಿನ ಜಾಡಿಗಳಲ್ಲಿ ನೀರು, ಒಂದರಲ್ಲಿ ಉಗುರು ಬೆಚ್ಚಗೆ, ಇನ್ನೊಂದರಲ್ಲಿ ಮಂಜುಗಡ್ಡೆ ಹಾಕಿ ತಣ್ಣಗೆ ಮಾಡಿದ್ದು. ಎರಡಕ್ಕೂ ಒಂದೊಂದು ಉಂಡೆ. ಎರಡೂ ತಳ ಸೇರಿದವು. ಅಡುಗೆಮನೆಯ ಮೇಜಿನ ಮುಂದೆ ಕೂತೆ.

ಅವನ ಅಮ್ಮ ಧಕ್ಕೆಯಿಂದ ಬಂದರು. ಇಡೀ ಆಯಸ್ಸನ್ನು ಬೇಕರಿಯಲ್ಲಿ ಹಿಟ್ಟು ನಾದಿ ಕಳೆದವರು. ಗಂಡ ಸತ್ತ ಮೇಲೆ ಮಗನನ್ನು ಬ್ರೆಡ್ಡಿನ ಮೇಲೇ ಬೆಳೆಸಿದವರು. ಜಾಡಿ ನೋಡಿದ್ದೇ, "ಈಸ್ಟ್ ಜಾಸ್ತಿಯಾಯ್ತು," ಎಂದರು. ಮೂಗಿಗೇ ಗೊತ್ತಾಗಿತ್ತು. "ಏನಿದು? ಮಕ್ಕಳಿಗೆ ಆಟಾನಾ?"

ಬೆಚ್ಚಗಿನ ಜಾಡಿಯ ಉಂಡೆ ಉಬ್ಬಿ, ಅಲುಗಾಡಿ, ತಳ ಬಿಟ್ಟು ಮೇಲೆ ಬಂತು. ನೀರಿನ ಮೇಲೆ ಬೆನ್ನು ತೋರಿಸಿಕೊಂಡು ನಿಂತಿತು. ಅವರು ಅದನ್ನೇ ನೋಡುತ್ತಿದ್ದರು. ಶೆಡ್ಡಿನಲ್ಲಿ ಒಬ್ಬೊಬ್ಬರ ಮುಖ ನೋಡಿದವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ತಣ್ಣಗಿನದು ತಳದಲ್ಲೇ ಇತ್ತು.

"ಲಾಂಚ್ ಇರೋ ಕಡೆ ಇಷ್ಟು ತಣ್ಣಗಿರುತ್ತೆ," ಎಂದೆ. "ಅದಕ್ಕೇ ಅವನು..."

"ಸಾಕು."

"ಅವನು ಓಡಿಹೋಗಿಲ್ಲ. ಅಲ್ಲೇ ಇದ್ದಾನೆ. ನೀವು ಒಪ್ಕೊಳ್ಳಲೇಬೇಕು..."

"ಸಾಕು ಅಂದೆ!"

ಮೊಣಕೈವರೆಗೆ ಕೈ ತೂರಿಸಿ ಆ ತಣ್ಣನೆಯ ಉಂಡೆಯನ್ನು ಎತ್ತಿದರು. ನೀರು ಮೇಜಿನ ಮೇಲೆಲ್ಲ ಹರಿಯಿತು. ಅದನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ಬಾಯಿಂದ ಬಿಸಿಯುಸಿರು ಊದುತ್ತಾ, ಒಲೆಯ ಪಕ್ಕದ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ನಾನು ಪಾಠ ಮಾಡಲು ಹೊರಟಿದ್ದೆ. ಎಂಥ ಹೆಂಗಸು ನಾನು.

ಅತ್ತೆ ಇವತ್ತು ಧಕ್ಕೆಗೆ ಹೋಗಲಿಲ್ಲ. ಊಟವನ್ನೂ ಮಾಡಲಿಲ್ಲ.


ಸೆಪ್ಟೆಂಬರ್ 18, ಗುರುವಾರ

ಹುಡುಕಾಟ ಶನಿವಾರಕ್ಕೆ ನಿಲ್ಲುತ್ತದೆ. ಆಮೇಲೆ ಅವನು ಕಾಗದದಲ್ಲೂ ತಲೆಮರೆಸಿಕೊಂಡವನು.

ನೀರಿನಡಿ ಇಳಿದು ಹುಡುಕುವ ಡೈವರುಗಳ ಮುಖ್ಯಸ್ಥನನ್ನು ಎಲ್ಲರೂ ಆಮೆ ಎನ್ನುತ್ತಾರೆ. ಕುತ್ತಿಗೆಯೇ ಇಲ್ಲ, ಮಾತು ನಡಿಗೆ ಎರಡೂ ನಿಧಾನ. ರಜೆ ಹಾಕಿ ಬೆಳಿಗ್ಗೆಯೇ ಹೋಗಿ ಅವರನ್ನು ಹಿಡಿದೆ. ಗುಂಡಿಯ ತಳದ ನೀರು ಬೇಕು ಎಂದೆ. ಅವರು ಯಾಕೆ ಅನ್ನಲಿಲ್ಲ, ದೋಣಿ ಬಿಚ್ಚಿದರು.

ಬಾಟಲಿಗೆ ಬಿಗಿಯಾಗಿ ಬಿರಡೆ ಹಾಕಿ, ಅದಕ್ಕೆ ಹಳೆಯ ಕಂಬಳಿ ಸುತ್ತಿ, ಕಲ್ಲು ಕಟ್ಟಿ ಇಳಿಬಿಟ್ಟೆವು. ಹಗ್ಗ ಇಳಿಯಿತು, ಇಳಿಯಿತು, ಮುಗಿಯುವ ಲಕ್ಷಣವೇ ಇರಲಿಲ್ಲ. ತಳ ಸಿಕ್ಕಿದ ಮೇಲೆ ಬಿರಡೆಗೆ ಕಟ್ಟಿದ್ದ ಬೇರೆ ದಾರವನ್ನು ಜಗ್ಗಿದೆ. ಬಾಟಲಿ ತುಂಬಲಿ ಎಂದು ಕಾದು, ಇಬ್ಬರೂ ಸೇರಿ ಸರಸರನೆ ಎಳೆದೆವು. ಶಾಲೆಯ ಥರ್ಮಾಮೀಟರ್ ಅದ್ದಿದೆ. ಮೇಲಿನ ನೀರು ಇಪ್ಪತ್ತಮೂರು ಡಿಗ್ರಿ. ತಳದ್ದು ಎಂಟು.

"ಲಾಂಚಿನ ಒಳಗಿದ್ದವರು ಏಳಲ್ಲ," ಎಂದೆ. "ಈಗ ಅಲ್ಲ, ಬಹುಶಃ ಯಾವತ್ತೂ ಇಲ್ಲ."

ಆಮೆ ಬಾಟಲಿಯನ್ನು ಕೆನ್ನೆಗೆ ಒತ್ತಿಕೊಂಡು ನೋಡಿದರು. "ನನಗೂ ಅನುಮಾನ ಇತ್ತು, ಮೇಡಂ. ಆದ್ರೆ ಅಲ್ಲಿಗೆ ಇಳಿಯೋದು ನಮ್ಮ ಸಾಮಾನಿನಲ್ಲಿ ಹುಡುಗಾಟ ಅಲ್ಲ. ಒಂದ್ಸಲ ಹೋಗಿ ಒಂದು ಇಣುಕು ಹಾಕಬಹುದು. ಅಷ್ಟೊತ್ತಿಗೇ ವಾಪಸು ಹೊರಡಬೇಕು."

"ಒಂದು ಇಣುಕು ಸಾಕು."

ಅಲ್ಲಿಂದ ನೇರ ಠಾಣೆಗೆ. ಇನ್ಸ್‌ಪೆಕ್ಟರ್ ಎಲ್ಲವನ್ನೂ ಕೇಳಿಸಿಕೊಂಡರು. ಕೆಟ್ಟ ಮನುಷ್ಯ ಅಲ್ಲ, ನಿದ್ದೆಗೆಟ್ಟ ಮನುಷ್ಯ. ಹತ್ತು ಮನೆಯವರು ದಿನವೂ ಅವರ ಮೇಜಿನ ಮುಂದೆ ಬಂದು ನಿಂತು, ಯಾರದು ತಪ್ಪು ಹೇಳಿ ಎಂದು ಕೇಳುತ್ತಾರೆ.

"ಗಂಡ ಬದುಕಿದ್ದಾರೆ ಹುಡುಕಿಕೊಡಿ ಅಂತ ಬರೋರನ್ನ ನೋಡಿದ್ದೀನಿ," ಎಂದರು. "ಸತ್ತಿದ್ದಾರೆ ಅಂತ ಸಾಬೀತು ಮಾಡೋಕೆ ಬಾಟಲಿ ಹಿಡ್ಕೊಂಡು ಬಂದೋರು ನೀವೇ ಮೊದಲು."

ಆ ಮಾತು ಚುಚ್ಚಿತು. ಆದರೂ ಗುಂಡಿಗೆ ಇಳಿಯುವ ಅನುಮತಿಗೆ ರುಜು ಹಾಕಿಸಿಕೊಂಡೇ ಎದ್ದೆ. ಶನಿವಾರ ಬೆಳಿಗ್ಗೆ ಆಮೆ ಇಳಿಯುತ್ತಾರೆ.


ಸೆಪ್ಟೆಂಬರ್ 19, ಶುಕ್ರವಾರ

ಅತ್ತೆ ನನಗೆ ಹೇಳದೆ ಆಮೆಯ ಹತ್ತಿರ ಹೋಗಿ, "ಇಳೀಬೇಡಪ್ಪಾ, ನಿನ್ನ ದಮ್ಮಯ್ಯ," ಎಂದು ಕೈ ಮುಗಿದರಂತೆ. ಯಾರೂ ಹೋಗಿ ನೋಡದಿದ್ದಷ್ಟು ದಿನ ತನ್ನ ಮಗ ಎಲ್ಲೋ ಒಂದು ಕಡೆ ನಡೆದಾಡಿಕೊಂಡಿರುತ್ತಾನೆ ಎಂದರಂತೆ. ಆಮೆ ಇದನ್ನು ನನಗೆ ಹೇಳುವಾಗ ನೆಲ ನೋಡುತ್ತಿದ್ದರು. ಮೊನ್ನೆಯಾಗಿದ್ದರೆ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಇವತ್ತು ಬಿಸಿಲು ಜೋರಿತ್ತು, ಅತ್ತೆ ಅಷ್ಟು ದೂರ ನಡೆದು ಹೋಗಿದ್ದಾರಲ್ಲ, ನೀರಾದರೂ ಕುಡಿದಿರುತ್ತಾರೋ ಇಲ್ಲವೋ ಅಂದುಕೊಂಡೆ.

ಸಂಜೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

"ನಿನ್ನ ಲೆಕ್ಕ ತಪ್ಪಾಗೋದೂ ಉಂಟಾ?"

"ಉಂಟು ಅತ್ತೆ."

"ಎಷ್ಟು?"

"ಸ್ವಲ್ಪ."

"ಸ್ವಲ್ಪ ಸಾಕು," ಎಂದು ಹೋಗಿ ಮಲಗಿಕೊಂಡರು.

ನನಗೆ ಯಾಕೋ ಸುಮ್ಮನೆ ಕೂರಲಾಗಲಿಲ್ಲ. ಅವನ ಶರ್ಟುಗಳನ್ನೆಲ್ಲ ತೆಗೆದು ಇಸ್ತ್ರಿ ಮಾಡಿ ಮಡಚಿಟ್ಟೆ. ತೇಲಿಕೊಂಡು ಬಂದವನ ತಲೆಗೆ ಏನಾದರೂ ಬಡಿದಿದ್ದರೆ ಹೆಸರು ಕೂಡ ನೆನಪಿರುವುದಿಲ್ಲ. ಆಚೆ ದಡದಲ್ಲಿ ಸಣ್ಣ ಸಣ್ಣ ಆಸ್ಪತ್ರೆಗಳಿವೆ. ಎಲ್ಲ ಕಡೆಯೂ ಕೇಳಿಲ್ಲ ಪೊಲೀಸರು. ಬೂಟು ಬಿಚ್ಚಿ ಎಸೆದಿದ್ದರೆ ಲೆಕ್ಕವೇ ಬೇರೆ. ಸೋಮವಾರ ಹೋಗಿ ವಿಚಾರಿಸಬೇಕು.


ಸೆಪ್ಟೆಂಬರ್ 20, ಶನಿವಾರ

ಇದ್ದಾನೆ.


ಸೆಪ್ಟೆಂಬರ್ 21, ಭಾನುವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಆಮೆ ನೀರಿನಿಂದ ಮೇಲೆ ಬಂದು ದೋಣಿಯ ಅಂಚು ಹಿಡಿದುಕೊಂಡರು. ಮುಖವಾಡ ತೆಗೆದರು. ನನ್ನನ್ನು ನೋಡಲಿಲ್ಲ, ನೀರನ್ನೇ ನೋಡುತ್ತಾ, "ಇದ್ದಾರೆ, ಮೇಡಂ," ಎಂದರು.

"ಎಲ್ಲಿ?"

"ಇಂಜಿನ್ ಕೋಣೇಲಿ. ಕೈಪಂಪಿನ ಹತ್ತಿರ. ಪಂಪಿನ ಹಿಡಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿದ್ದಾರೆ."

ಒಳಗೆ ನುಗ್ಗುತ್ತಿದ್ದ ನೀರನ್ನು ಹೊರಗೆ ಹಾಕುವ ಪಂಪು ಅದು. ಮೇಲೆ ಜನ ಹಾರುತ್ತಿದ್ದಾಗ, ದೋಣಿಗಳು ಬಂದು ಎಳೆದುಕೊಳ್ಳುತ್ತಿದ್ದಾಗ, ಲಾಂಚು ಅಷ್ಟು ಹೊತ್ತು ಯಾಕೆ ಮುಳುಗದೆ ನಿಂತಿತ್ತೆಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ತೇಲುವುದರ ಲೆಕ್ಕವನ್ನೆಲ್ಲ ಮಾಡಿದವಳು ಅದೊಂದನ್ನು ಬಿಟ್ಟಿದ್ದೆ. ಕಬ್ಬಿಣದ ಲಾಂಚು ತೇಲುವುದು ಒಳಗಿನ ಗಾಳಿಯಿಂದ. ಆ ಗಾಳಿಯ ಜಾಗಕ್ಕೆ ನೀರು ಬಾರದ ಹಾಗೆ ಒಬ್ಬ ಮನುಷ್ಯ ಕೆಳಗೆ ನಿಂತು ಪಂಪು ಹೊಡೆಯುತ್ತಿದ್ದ.

"ಬಾಗಿಲು?" ಎಂದೆ. ಈ ದೋಣಿಯ ಹತ್ತಿರ ನಾವಿಬ್ಬರೇ ಇದ್ದೆವು. ಹಗ್ಗ ಹಿಡಿದಿದ್ದ ಡೈವರುಗಳು ಆಚೆ ದೋಣಿಯಲ್ಲಿದ್ದರು.

ಆಮೆ ಆಚೆ ದೋಣಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ತೆರೆದೇ ಇತ್ತು, ಮೇಡಂ. ಏಣಿಗೂ ಏನೂ ಆಗಿರಲಿಲ್ಲ."

ನಾನು ಗೆದ್ದಿದ್ದೆ. ನನ್ನ ಲೆಕ್ಕದಲ್ಲಿ ಒಂದಂಕಿಯೂ ತಪ್ಪಿರಲಿಲ್ಲ.

ಇವತ್ತು ಆಮೆ ಮತ್ತೆ ಒಬ್ಬರೇ ಇಳಿದು ಅವನನ್ನು ಮೇಲಕ್ಕೆ ತಂದರು. ತಾನಾಗಿ ಬರುವವನಲ್ಲವಲ್ಲ. ಚೀಲಗಳನ್ನು ಕಟ್ಟಿ, ಅವುಗಳಿಗೆ ಗಾಳಿ ತುಂಬಿ ಎತ್ತಬೇಕಾಯಿತು. ತಣ್ಣಗಿದ್ದದ್ದರಿಂದ ಮುಖ ಕೆಟ್ಟಿರಲಿಲ್ಲ. ಅತ್ತೆ ಬಟ್ಟೆ ಸರಿಸಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಈ ಸಲ ಅವರು ಮತ್ತೆ ಹೊದಿಸಲಿಲ್ಲ.


ಸೆಪ್ಟೆಂಬರ್ 23, ಮಂಗಳವಾರ

ಮಣ್ಣು ಮಾಡಿದೆವು.

ಊರಿಗೆ ಊರೇ ಬಂದಿತ್ತು. ಬೆಳಿಗ್ಗೆ ಎದ್ದಾಗ ಬೀದಿ ಕಡೆಯ ಗೋಡೆಗೆ ಯಾರೋ ಸುಣ್ಣ ಹೊಡೆದು ಹೋಗಿದ್ದರು. ಹಾಲಿನ ಅಂಗಡಿಯವನು ಬಾಗಿಲಲ್ಲಿ ನಿಂತು ಅತ್ತ. ಇನ್ಸ್‌ಪೆಕ್ಟರ್ ಟೋಪಿ ತೆಗೆದು ತಲೆ ಬಗ್ಗಿಸಿದರು. ಪುರಸಭೆಯ ಅಧ್ಯಕ್ಷರು ಮಾತ್ರ ಉದ್ದಕ್ಕೆ ಹೇಳಿದರು. ಧೀರನಂತೆ, ತ್ಯಾಗಿಯಂತೆ, ಹೊಸ ಧಕ್ಕೆಗೆ ಅವನ ಹೆಸರಂತೆ. ಹೋದ ವಾರ ಅದೇ ಬಾಯಿ ಬೇರೆ ಹೇಳಿತ್ತು. ಓಡಿಹೋದವನಿಗೂ ಧೀರನಿಗೂ ನಡುವೆ ಇವರಿಗೆ ಒಂದು ಮುಳುಗು ಸಾಕಾಯಿತು.

ಅಧ್ಯಕ್ಷರು "ಇಂಥ ಮಗನನ್ನು ಹೆತ್ತ ತಾಯಿ" ಎನ್ನುವಷ್ಟರಲ್ಲಿ ಅತ್ತೆ ಎದ್ದರು. ಪೆಟ್ಟಿಗೆಯ ಮೇಲೆ ಎರಡೂ ಕೈಗಳಿಂದ ಬಡಿದರು, ಮಲಗಿದ ಮಗನನ್ನು ಶಾಲೆಗೆ ಎಬ್ಬಿಸುವ ಹಾಗೆ.

"ಓಡಿಹೋಗೋಕೆ ಏನಾಗಿತ್ತೋ ನಿನಗೆ? ಕಾಲಿರಲಿಲ್ವಾ? ಈಜೋಕೆ ಕಲಿಸಿದ್ದು ಯಾಕೋ ನಿನಗೆ? ಓಡಿಬರಬಾರದಿತ್ತಾ?"

ಅಧ್ಯಕ್ಷರು ಕಾಗದ ಮಡಚಿಕೊಂಡರು. ಯಾರೋ ಹೆಂಗಸರು ಅತ್ತೆಯನ್ನು ಹಿಡಿಯಲು ಬಂದರು. ಬೇಡ ಎಂದೆ. ಅವರು ಬಡಿಯುವಷ್ಟೂ ಬಡಿಯಲಿ ಎಂದು ಪಕ್ಕದಲ್ಲಿ ನಿಂತೆ.


ಸೆಪ್ಟೆಂಬರ್ 25, ಗುರುವಾರ

ಶಾಲೆ. ಉಳಿದರ್ಧ ಪಾಠವನ್ನು ಮುಗಿಸಿದೆ. ಹಿಟ್ಟಿನ ಉಂಡೆ ತೋರಿಸಲಿಲ್ಲ. ಎರಡನೇ ಬೆಂಚಿನ ಹುಡುಗಿ ಪ್ರಶ್ನೆ ಕೇಳಲಿಲ್ಲ. ಗಂಟೆ ಹೊಡೆದ ಮೇಲೆ ಬಂದು, ಅಪ್ಪನ ಜೊತೆ ಲಾಂಚಿನಲ್ಲಿದ್ದ ತನ್ನ ಅಣ್ಣನನ್ನು ಮೀನಿನ ದೋಣಿಯವರು ಕೊನೆಯಲ್ಲಿ ಎತ್ತಿಕೊಂಡರು ಎಂದು ಹೇಳಿ ಹೋದಳು. ಆಗ ಲಾಂಚು ಇನ್ನೂ ನೀರಿನ ಮೇಲೇ ಇತ್ತಂತೆ.

ಕೇಳಿ ಹೆಮ್ಮೆಯಾಗಬೇಕಿತ್ತು. ಆ ಅಣ್ಣನ ಜಾಗದಲ್ಲಿ ನನ್ನವನನ್ನು ಇಟ್ಟು ನೋಡಿದೆ.


ಸೆಪ್ಟೆಂಬರ್ 28, ಭಾನುವಾರ

ಇನ್ಸ್‌ಪೆಕ್ಟರ್ ಫೋನ್ ಮಾಡಿದ್ದರು. ಲಾಂಚನ್ನು ಎತ್ತುವುದಿಲ್ಲವಂತೆ, ಅಷ್ಟು ಆಳದಿಂದ ಆಗುವ ಕೆಲಸವಲ್ಲವಂತೆ. ತಳದ ತಗಡು ತುಕ್ಕು ಹಿಡಿದಿತ್ತೆಂದು ಬರೆದು ಮುಗಿಸುತ್ತಾರೆ.

ಬಾಗಿಲಿನ ವಿಷಯ ಆಮೆಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಆ ದಿನವೇ ದೋಣಿಯಲ್ಲಿ ಅವರನ್ನು ಕೇಳಿಕೊಂಡಿದ್ದೆ, ಇದೊಂದು ನಮ್ಮಲ್ಲೇ ಇರಲಿ ಎಂದು. ಯಾಕೆ ಕೇಳಿಕೊಂಡೆನೋ ಆಗ ಗೊತ್ತಿರಲಿಲ್ಲ.

ಇವತ್ತು ಮಧ್ಯಾಹ್ನ ಅತ್ತೆ ತಟ್ಟೆಯ ಮುಂದೆ ಕೂತು ಬ್ರೆಡ್ಡನ್ನು ಚೂರು ಮಾಡುತ್ತಾ, ತಿನ್ನದೆ, ಹಾಗೇ ಕೇಳಿದರು.

"ಏನೇ, ಒಂದು ಮಾತು ಕೇಳ್ತೀನಿ. ಅಳೆದು ತೂಗಿ ಹೇಳೋಳು ನೀನು, ಸುಳ್ಳು ಹೇಳಲ್ಲ. ಅಲ್ಲಿಂದ ಮೇಲೆ ಬರೋಕೆ ದಾರಿ ಇತ್ತಾ ಅವನಿಗೆ?"

ಎದುರಿಗೆ ಕೂತೆ. ಅವರ ಕಣ್ಣುಗಳು ಇಷ್ಟೊಂದು ಅವನ ಹಾಗಿವೆಯೆಂದು ನಾನು ನೋಡಿರಲೇ ಇಲ್ಲ.

"ಇರಲಿಲ್ಲ ಅತ್ತೆ. ಬಾಗಿಲು ಕಚ್ಚಿಕೊಂಡಿತ್ತು."

"ಕಚ್ಚಿಕೊಂಡಿತ್ತಾ?"

"ಲಾಂಚು ವಾಲಿದಾಗ ಚೌಕಟ್ಟು ಸೊಟ್ಟಗಾಗಿ ಬಿಗಿದುಕೊಂಡಿತ್ತು. ಹೊರಗಿನಿಂದ ತೆಗೆಯೋಕೆ ಡೈವರಿಗೇ ಸಾಕುಬೇಕಾಯ್ತು."

"ಹಾಗಾದ್ರೆ ಬರಬೇಕು ಅಂತ ನೋಡಿದ್ದ."

"ನೋಡಿದ್ದ. ಬಾಗಿಲಿನ ಮೇಲೆ ಸ್ಪ್ಯಾನರಿನಲ್ಲಿ ಹೊಡೆದ ಗುರುತು ಇತ್ತಂತೆ. ತುಂಬಾ ಹೊಡೆದಿದ್ದಾನೆ."

"ಮನೆಗೆ ಬರೋಕೆ."

"ಹೂಂ. ನಮ್ಮ ಹತ್ತಿರ ಬರೋಕೆ."

ಅತ್ತೆ ತಲೆಯಾಡಿಸಿದರು. ತಲೆಯಾಡಿಸುತ್ತಲೇ ಇದ್ದರು. ಆಮೇಲೆ ಬ್ರೆಡ್ಡಿನ ಚೂರುಗಳನ್ನು ಒಂದೊಂದಾಗಿ ಹಾಲಿನಲ್ಲಿ ಅದ್ದಿ ತಿಂದರು. ಇಷ್ಟು ದಿನಗಳಲ್ಲಿ ಪೂರ್ತಿ ಊಟ ಮಾಡಿದ್ದು ಇವತ್ತೇ. ಮಲಗುವ ಮುಂಚೆ ನನಗೂ ಒಂದು ಲೋಟ ಹಾಲು ಬಿಸಿ ಮಾಡಿ ತಂದಿಟ್ಟು, "ಆರೋದ್ರೊಳಗೆ ಕುಡಿ ಮಗಾ," ಎಂದರು.